ಹಿಂದಿನ ಎಡ ಗಾಲಿಯ ಬ್ರೇಕು

ಕೆಂಪಗೆ ಉದುರಿತು, ತುಕ್ಕು ಅಂದುಕೊಂಡರೆ ಮೂಗಿಗೆ ಖಾರ ಅಡರಿತು, ಅಂದರೆ ಬರೀ ತುಕ್ಕಲ್ಲ, ಮೆಣಸಿನಕಾಯಿ ಪುಡಿಯೂ ಇದೆ, ಎರಡಕ್ಕೂ ಒಂದೇ ಬಣ್ಣ, ಸುತ್ತಿಗೆಯ ಏಟು ಬಿದ್ದಾಗಲೆಲ್ಲ ಎರಡೂ ಕೂಡಿ ನೇರ ನನ್ನ ಕಣ್ಣಿಗೆ, ಬೀಳಲಿ, ಇಂಥ ಕಣ್ಣಿಗೆ ಬೀಳಲೇಬೇಕು — ಸೋಮಣ್ಣ ಮಿಸ್ತ್ರಿಯ ಕಣ್ಣು, ಮೂವತ್ತು ವರ್ಷ ಹಾವೇರಿ ಬೈಪಾಸಿನ ಬದಿಗೆ ಅಂಗಾತ ಮಲಗಿ ಊರ ಗಾಡಿಗಳ ಹೊಟ್ಟೆ ನೋಡಿದ ಕಣ್ಣು. ಹಿಂದಿನ ಎಡ ಗಾಲಿ ತಿರುಗುತ್ತಿಲ್ಲ, ಬ್ರೇಕಿನ ಕ್ಯಾಲಿಪರ್ ಗಾಲಿಯ ಡಿಸ್ಕನ್ನು ಕಚ್ಚಿಕೊಂಡು ಕುಳಿತಿದೆ, ಹದಿನೆಂಟು ವರ್ಷದ ಹಳೇ ಕಾರು, ನಾಲ್ಕು ತಿಂಗಳು ಪೊಲೀಸ್ ಠಾಣೆಯ ಅಂಗಳದಲ್ಲಿ ಬಿಸಿಲು ಮಳೆ ತಿಂದಿದೆ, ಕಚ್ಚದೆ ಏನು ಮಾಡೀತು — ಸುಳ್ಳು, ಇಲ್ಲಿ ಯಾರೂ ಕೇಳುತ್ತಿಲ್ಲ, ನಿನಗೆ ನೀನೇ ಯಾಕೆ ಸುಳ್ಳು ಹೇಳುತ್ತೀ, ಇದು ಮೊದಲ ಸಲ ಕಚ್ಚಿದ್ದು ಸುಗ್ಗಿಯಲ್ಲಿ, ಮಾಲತೇಶ ಬದುಕಿದ್ದಾಗಲೇ. ಮೇಲಿನ ಬೋಲ್ಟು ಬಂತು, ಕೆಳಗಿನದು ಬರುತ್ತಿಲ್ಲ, ತಲೆ ಸವೆದು ಗುಂಡಗಾಗಿದೆ, ಹದಿನಾಲ್ಕರ ಪಾನಾ ಜಾರುತ್ತದೆ, ಡೀಸೆಲ್ ಹನಿಸಿ ಅರ್ಧ ಗಂಟೆಯಾಯಿತು, ಅದರ ಹಟ ಅದಕ್ಕೆ. ಕಾರಿನ ಆಚೆ ಬದಿಗೆ ಅವಳ ಪಾದಗಳು ಕಾಣುತ್ತವೆ, ಅರುಣಾ, ಮಾಲತೇಶನ ಹೆಂಡತಿ, ಕರ್ಜಗಿಯಿಂದ ಬೆಳಗಿನ ಬಸ್ಸಿಗೆ ಬಂದು ಹಳೇ ಟೈರಿನ ಮೇಲೆ ಕುಳಿತಿದ್ದಾಳೆ, ಚಹಾ ಕೊಟ್ಟರೆ ಕುಡಿಯಲಿಲ್ಲ, ನನಗೆ ಪಾದ ಮಾತ್ರ ಕಾಣುತ್ತವೆ, ಮುಖ ಕಾಣುವುದಿಲ್ಲ, ಅದೊಂದು ಪುಣ್ಯ.

ನಾಲ್ಕಕ್ಕೆ ರಾಣೆಬೆನ್ನೂರಿನಿಂದ ಗುಜರಿಯ ಖಲಂದರ ಬರುತ್ತಾನೆ, ಗಾಲಿ ಉರುಳಿದರೆ ಎಳೆದುಕೊಂಡು ಹೋಗಿ ಸಂಜೆಗೆ ಕತ್ತರಿಸಿ ಹಾಕುತ್ತಾನೆ, ಆಮೇಲೆ ಈ ಕಾರೂ ಇಲ್ಲ, ಇದರೊಳಗಿನದೂ ಇಲ್ಲ, ಆದರೆ ಇವಳು ಅಷ್ಟಕ್ಕೇ ಬಂದಿಲ್ಲ, ಬಂದ ಕೂಡಲೇ ಅಂದಳು, ಗಾಲಿ ಬಿಡಸ್ರಿ ಅಣ್ಣಾರ, ಬಿಡಸೂಮುಂದ ಬ್ರೇಕ್ ಒಂಚೂರು ನೋಡ್ರಿ, ಅವರು ನಿಮ್ಮ ಕೈ ಬಿಟ್ಟು ಬ್ಯಾರೆ ಯಾರಿಗೂ ಗಾಡಿ ಮುಟ್ಟಾಕ ಕೊಡ್ತಿದ್ದಿಲ್ಲ, ನೀವು ಏನ್ ಹೇಳ್ತೀರೋ ಅದಽ ಖರೇ ಅಂತ ತಿಳ್ಕೊಂತೀನಿ. ನನ್ನ ಕೈ ಬಿಟ್ಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡೆ, ಏನಿತ್ತು ಅಲ್ಲಿ, ಏನೂ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ, ಮೋಟೆಬೆನ್ನೂರು ದಾಟಿ, ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು, ಮಟಮಟ ಮಧ್ಯಾಹ್ನ, ಇವರ ಕಾರು ಹೋಗಿ ಹಿಂದಿನಿಂದ ಹೊಕ್ಕಿತು, ಮಾಲತೇಶ ಅಲ್ಲೇ ಹೋದ, ಇವಳಿಗೆ ಕೈ ಮುರಿಯಿತು ಅಷ್ಟೆ. ರಸ್ತೆ ಮೇಲೆ ಟೈರು ತಿಕ್ಕಿದ ಗುರುತು ಒಂದಿಷ್ಟೂ ಇಲ್ಲ, ಹಾಗಾಗಿ ಬ್ರೇಕ್ ಹಾಕಿಯೇ ಇಲ್ಲ, ಗಮನ ಬೇರೆ ಕಡೆ ಇತ್ತು ಅಂತ ಪೊಲೀಸರು ಬರೆದುಕೊಂಡರು, ಬ್ರೇಕ್ ಎಣ್ಣೆ ಖಾಲಿಯಾಗಿತ್ತು, ಮುಂಭಾಗವೆಲ್ಲ ಜಜ್ಜಿಹೋಗಿದ್ದಕ್ಕೆ ಡಿಕ್ಕಿಯಲ್ಲೇ ಸೋರಿತು ಅಂದರು, ಹಿಂದಿನ ಗಾಲಿಗೆ ಯಾರೂ ಬಗ್ಗಿ ನೋಡಲಿಲ್ಲ. ಗಮನ ಎಲ್ಲಿತ್ತು ಅಂತ ಅತ್ತೆ ಗುತ್ತೆವ್ವ ಹೇಳಿಬಿಟ್ಟಳು, ಊರೆಲ್ಲ ಕೇಳುವ ಹಾಗೆ, ನೀ ಗಾಡ್ಯಾಗ ಕುಂತು ಜಗಳಾ ತಗದಿ, ನನ್ನ ಮಗನ್ನ ತಿಂದಿ. ಜಗಳವಾಡಿದ್ದು ಹೌದಂತೆ, ತವರಿನ ತೊಟ್ಟಿಲ ಕಾರ್ಯಕ್ಕೆ ಕಳಿಸಲಿಲ್ಲ ಅಂತ, ಗಂಡ ಹೆಂಡತಿ ಆಡುವ ಜಗಳ, ಉಂಡು ಮಲಗುವ ತನಕದ್ದು.

ಗ್ಯಾಸಿನ ಬೆಂಕಿ ಹಚ್ಚಿದೆ, ಬೋಲ್ಟು ಕೆಂಪಾಗಬೇಕು, ಸಂದಿಯಲ್ಲಿದ್ದ ಮೆಣಸಿನಕಾಯಿ ಬೀಜ ಚಿಟಚಿಟ ಸಿಡಿದು ಘಾಟು ಎದ್ದಿತು, ನಾನು ಕೆಮ್ಮಿದೆ, ಅವಳು ಕೆಮ್ಮಿದಳು, ಸುಗ್ಗಿಯ ಆ ಸೋಮವಾರ ಮಾಲತೇಶನೂ ಕೆಮ್ಮುತ್ತಲೇ ಬಂದಿದ್ದ, ಹಿಂದಿನ ಸೀಟು ಕಿತ್ತು ನಾಲ್ಕು ಚೀಲ ಮೆಣಸಿನಕಾಯಿ ಹೇರಿದ್ದ, ಗಾಲಿಯಿಂದ ಹೊಗೆ, ಅಣ್ಣಾ, ಹತ್ತೂವರೀ ಒಳಗ ಬ್ಯಾಡಗ್ಯಾಗ ಚೀಲ ಇಳಸ್ಬೇಕು, ಟೆಂಡರ್ ತಪ್ತಂದ್ರ ಮತ್ತ ಗುರುವಾರ ತನಕಾ ಕುಂದ್ರಬೇಕು, ಏನರ ಮಾಡ್ರಿ. ಏನಾದರೂ ಮಾಡಿದೆ. ಸುಗ್ಗಿಯಲ್ಲಿ ನಾವೆಲ್ಲ ಮಾಡುವುದನ್ನೇ ಮಾಡಿದೆ, ಕಚ್ಚಿದ ಗಾಲಿಯನ್ನು ಬಡಿದು ಬಿಡಿಸಿ, ಅದಕ್ಕೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಪೈಪನ್ನು ಮಡಚಿ ತಂತಿ ಬಿಗಿದೆ, ಆ ಗಾಲಿಗೆ ಎಣ್ಣೆ ಹೋಗುವುದಿಲ್ಲ, ಅದು ಮತ್ತೆ ಹಿಡಿಯುವುದಿಲ್ಲ, ಉಳಿದ ಮೂರರ ಮೇಲೆ ಗಾಡಿ ಓಡುತ್ತದೆ, ಉಸ್ತಾದ್ ದಾದಾಪೀರ ಕಲಿಸಿದ್ದು, ಮೂರು ಸುತ್ತು ಬಿಗಿ, ತುದಿ ಒಳಗ ಮಡಚು, ಮನೀ ಮುಟ್ಟೋತನಕ ಅಷ್ಟಽ ಬೇಟಾ, ಮರುದಿನಾ ಬಿಚ್ಚಾಕಽ ಬೇಕು. ಮೂರು ಸುತ್ತು ನೆನಪಿತ್ತು, ಮರುದಿನ ನೆನಪಿರಲಿಲ್ಲ. ಅವನಿಗೆ ನೆನಪಿತ್ತು, ಎರಡು ಸಲ ಬಂದ, ಅಣ್ಣಾ, ಆ ಬ್ರೇಕಿನ ಕೆಲಸಾ ಮುಗಸೂಣೇನ್ರಿ, ನಾನು ಹುಬ್ಬಳ್ಳಿಯಿಂದ ಸಾಮಾನು ಬಂದಿಲ್ಲ ಮಾಲತೇಶಾ, ಬಂದ ಕೂಡಲೇ ಹೇಳತೇನಿ ಅಂದೆ, ಸಾಮಾನು ತರಿಸಲು ಫೋನೇ ಮಾಡಿರಲಿಲ್ಲ ನಾನು, ಕೈ ತುಂಬ ಗಿರಾಕಿ, ಯಾವನು ಫೋನು ಮಾಡುತ್ತಾನೆ. ಇಪ್ಪತ್ತೆರಡು ದಿನ ಓಡಿಸಿದ. ಮಡಚಿದಲ್ಲಿ ರಬ್ಬರು ಬಿರಿಯುತ್ತದೆ, ಜೋರಾಗಿ ಒತ್ತಿದ ದಿನ ಒಡೆಯುತ್ತದೆ, ಅರ್ಧ ಬ್ರೇಕಾದರೂ ಉಳಿಯಬೇಕಿತ್ತು, ಇಷ್ಟು ಹಳೇ ಗಾಡಿಯಲ್ಲಿ ಅದೂ ಉಳಿಯಲಿಲ್ಲ.

ಬ್ರೇಕ್ ಹಿಡೀವಲ್ದು ಅರುಣಾ, ಹಿಡೀವಲ್ದು ಅಂದ್ರು ಅಣ್ಣಾರ, ಅವಳು ಅಲ್ಲಿಂದಲೇ ಮಾತಾಡುತ್ತಿದ್ದಾಳೆ, ಬೆಂಕಿಯ ಸದ್ದಿನ ಮೇಲೆ, ಯಾರಿಗೋ ಹೇಳಿದ ಹಾಗೆ, ಅವರ ಕಾಲು ನೋಡಿದೆ, ಪೆಡಲ್ಲು ಪೂರ್ತಿ ಕೆಳಗ ಹೋಗಿತ್ತು, ಒತ್ತಾಕತ್ತಿದ್ರು, ನಾನೂ ಒತ್ತಿದೆನ್ರಿ, ನನ್ನ ಕಡೆ ಏನೂ ಇದ್ದಿಲ್ಲ, ಬರೀ ಮ್ಯಾಟು, ಆದ್ರೂ ಒತ್ತಿದೆ, ಪೊಲೀಸರ ಮುಂದ ಹೇಳಿದೆ, ಅತ್ತಿ ಮುಂದ ಹೇಳಿದೆ, ಯಾರೂ ನಂಬವಲ್ರು, ಈಗೀಗ ನನಗಽ ಹಂಗ ಅನಸಾಕತ್ತೇತಿ, ನಾನಽ ಜಗಳಾ ತಗದು ಕೊಂದ್ನೇನೋ, ಆ ಕಾಲು ಒತ್ತಿದ್ದು ನನ್ನ ಭ್ರಮಿ ಏನೋ. ಭ್ರಮೆಯಲ್ಲ, ತಂಗಿ, ಭ್ರಮೆಯಲ್ಲ, ಈ ಮಾತು ಬಾಯಿಂದ ಬರಲಿಲ್ಲ, ಒಂದೇ ಮಾತು ಸಾಕು ಅವಳು ಎದ್ದು ನಿಲ್ಲುವುದಕ್ಕೆ, ಗುತ್ತೆವ್ವನ ಮುಂದೆ ತಲೆ ಎತ್ತುವುದಕ್ಕೆ, ಅದೇ ಮಾತು ಸಾಕು ನನ್ನ ಗ್ಯಾರೇಜಿಗೆ ಬೀಗ ಬೀಳುವುದಕ್ಕೆ, ಜೈಲು, ಈ ವಯಸ್ಸಿನಲ್ಲಿ, ಸೋಮಣ್ಣ ಕೈ ಹಚ್ಚಿದ ಗಾಡಿ ಅಂತ ಊರು ಉಗುಳುವುದಕ್ಕೆ, ಹೆದರಿಕೆಯಾಗುತ್ತಿದೆ, ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ನಾಚಿಕೆಗಿಂತ ಹೆದರಿಕೆಯೇ ದೊಡ್ಡದು. ಪಾನಾಕ್ಕೆ ಉದ್ದನೆಯ ಕಬ್ಬಿಣದ ಕೊಳವೆ ಸಿಕ್ಕಿಸಿ ಮೈಯ ಭಾರವೆಲ್ಲ ಹಾಕಿದೆ, ಕಿರ್ರೆಂದಿತು, ಬೋಲ್ಟು ಬಂತು, ಎರಡು ಏಟಿಗೆ ಕ್ಯಾಲಿಪರ್ ಕಿತ್ತುಬಂದು ಎದೆಯ ಮೇಲೆ ಬಿತ್ತು, ಬಿಸಿ ಬಿಸಿ, ಅದರ ಬಾಲಕ್ಕೆ ಆ ಪೈಪು, ಮಡಚಿದಲ್ಲಿ ಬಾಯಿ ಬಿಟ್ಟಿದೆ, ಮೂರು ಸುತ್ತು ತಂತಿ, ತುದಿ ಒಳಗೆ, ಹಾವೇರಿಯ ಯಾವ ಮಿಸ್ತ್ರಿಗೆ ತೋರಿಸಿದರೂ ಇದು ಸೋಮಣ್ಣನ ಕೈ ಅನ್ನುತ್ತಾನೆ, ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದೆ, ಪೈಪಿನ ತುಂಡು ತಂತಿಯ ಸಮೇತ ಕಿಸೆಗೆ ಹೋಯಿತು, ಕೈ ತಾನೇ ಮಾಡಿತು, ಕೈಗೆ ಮೂವತ್ತು ವರ್ಷದ ಅನುಭವ. ಏನರ ಸಿಕ್ತೇನ್ರಿ ಅಣ್ಣಾರ. ಏನಿಲ್ಲ ತಂಗಿ, ಬ್ರೇಕ್ ಸರಿ ಐತಿ. ಯಾರು ಹೇಳಿದರು ಇದನ್ನು, ನನ್ನ ದನಿ, ಎಷ್ಟು ಮೆತ್ತಗಿತ್ತು. ಅವಳು ಅಳಲಿಲ್ಲ, ಹಂಗಾರ ಅತ್ತಿ ಹೇಳಿದ್ದಽ ಖರೇ ಆತು, ಅಂದಳು, ನನಗಲ್ಲ, ತನಗೇ. ರಸ್ತೆಯಲ್ಲಿ ಖಲಂದರನ ಗಾಡಿ ಹಾರ್ನ್ ಹೊಡೆಯುತ್ತಿದೆ, ಏಳಬೇಕು, ಗಾಲಿ ಉರುಳುತ್ತದೋ ನೋಡಬೇಕು, ಏಳಲಾಗುತ್ತಿಲ್ಲ, ಕಾರಿನ ಆಚೆ ಅವಳ ಬಲಗಾಲು, ಹಿಮ್ಮಡಿ ಊರಿ, ಬೆರಳು ಬಾಗಿಸಿ, ಎಣ್ಣೆ ಕುಡಿದ ಮಣ್ಣನ್ನು ಒತ್ತುತ್ತಿದೆ, ಅವಳಿಗೆ ಗೊತ್ತಿಲ್ಲ, ಒತ್ತುತ್ತಿದೆ, ಬಿಡುತ್ತಿಲ್ಲ, ಅಲ್ಲಿ ಏನೂ ಇಲ್ಲ, ಒತ್ತುತ್ತಿದೆ