ಕಲ್ಲಲ್ಲಿ ರುಬ್ಬಿದ ಸಾರು

ಸೊಸೆ ಅರ್ಪಿತ ಮೀನು ಸಾರಿನ ಮಡಕೆಯನ್ನು ನೆಲುವಿನಿಂದ ಇಳಿಸಿಕೊಂಡು ಹಿತ್ತಲಿಗೆ ಹೊರಟಿದ್ದಳು. ಕೆಂಪಸಿದ್ದಯ್ಯ ಗೋಡೆ ಹಿಡಿದು ಎದ್ದು ಅಡ್ಡ ಬಂದ.

"ಎಲ್ಲಿಗವ್ವ ಅದು?"

"ಚೆಲ್ಲಕ್ಕೆ ಮಾವ. ದೊಡ್ಡಮಾವ ಏಳುದ್ರು."

ನಡುಮನೆಯಲ್ಲಿ ಅವನ ಹೆಂಡತಿ ಬೆಟ್ಟಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಅಗಲ ಕುಂಕುಮ, ಕೊರಳಲ್ಲಿ ಚೆಂಡುಹೂವಿನ ಹಾರ. ಬೆಳಗಿನ ಜಾವ ನೀರು ಕೇಳಿದ್ದಳು. ಗಂಡ ಚೊಂಬು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಗ ಚಲುವರಾಜು, ಮಳವಳ್ಳಿಯಲ್ಲಿ ಬಸ್ಸಿನ ಡ್ರೈವರು, ಹೆಂಡತಿಯನ್ನು ಕರೆದುಕೊಂಡು ಬೆಳಕು ಹರಿಯುವ ಮೊದಲೇ ಬಂದಿದ್ದ.

ಜಗಲಿಯಿಂದ ಅಣ್ಣ ದೊಡ್ಡಸಿದ್ದಯ್ಯ ಗದರಿದ. "ಎಣ ಕುಂತಿರೋ ಮನೇಲಿ ಬೇಯ್ಸಿದ್ದ ಮಡಗಬಾರ್ದು ಕಣ್ಲಾ. ಅನ್ನ, ಸಾರು, ತುಂಬಿದ ನೀರು, ಎಲ್ಲಾನೂ ಆಚ್ಗೆ. ನಿಂಗೇನ್ ಒಸ್ದಾ ಇದು? ದಾರಿ ಬುಡು."

ಕೆಂಪಸಿದ್ದಯ್ಯ ದಾರಿ ಬಿಟ್ಟ. ಅರ್ಪಿತ ತೆಂಗಿನ ಬುಡಕ್ಕೆ ಮಡಕೆ ಬಗ್ಗಿಸಿದಳು. ಗಟ್ಟಿ ಸಾರು, ಮನೆಯಲ್ಲಿ ಯಾರೂ ಒಂದು ತುಂಡೂ ಮುಟ್ಟಿರಲಿಲ್ಲ. ಮೀನು ಸಾರು ಒಂದು ರಾತ್ರಿ ಕೂತರೇ ರುಚಿ ಎಂದು ಬೆಳಗಿನ ಬಿಸಿ ಮುದ್ದೆಗೆ ಕಾದಿಟ್ಟದ್ದು. ಎಲ್ಲಿದ್ದವೋ ಏನೋ, ಕಾಗೆಗಳು ಇಳಿದವು.

ಬೆಟ್ಟಮ್ಮನ ಕೈಯ ಕೊನೇ ಅಡುಗೆ ಎಂದು ಕೆಂಪಸಿದ್ದಯ್ಯನ ಹೊಟ್ಟೆ ಉರಿಯಿತು. ಆ ಮಡಕೆಯನ್ನು ತಾನೇ ಎತ್ತಿ ಕುಕ್ಕಬೇಕು ಅಂತಲೂ ಅನ್ನಿಸಿತು. ಬೆಟ್ಟಮ್ಮನನ್ನು ಕೊಂದದ್ದು ಆ ಸಾರೇ ಎಂದು ಆ ಮನೆಯಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಸಾರು ಏನು ಮಾಡೀತು, ಕೇಳಿದವನು ಅವನಲ್ಲವೇ.

*

ಕೆಂಪಸಿದ್ದಯ್ಯನ ನಾಲಿಗೆಯ ಕತೆ ಊರಿಗೇ ಗೊತ್ತು. ಸಾಕಿದ ಮೀನು ಅವನಿಗೆ ಮೀನೇ ಅಲ್ಲ. ಶಿಂಷಾ ಹೊಳೆಯ ಮಡುವಿನಲ್ಲಿ ಗಾಳ ಹಾಕಿ, ಅರ್ಧ ದಿನ ಬಿಸಿಲು ಕುಡಿದು ಹಿಡಿದದ್ದೇ ಆಗಬೇಕು. ಅದರ ಮಸಾಲೆ ಒರಳುಕಲ್ಲಲ್ಲೇ ರುಬ್ಬಬೇಕು. ಮಗ ಮೊದಲ ಸಂಬಳದಲ್ಲಿ ತಂದುಕೊಟ್ಟ ಮಿಕ್ಸಿ ಅಟ್ಟದ ಮೇಲೆ ಡಬ್ಬದಲ್ಲೇ ಕೂತಿತ್ತು. "ಮಿಕ್ಸಿ ಸಾರ ನಾಯಿನೂ ಮೂಸಕಿಲ್ಲ" ಎಂದು ಅದಕ್ಕೆ ಅಂದೇ ತೀರ್ಪು ಕೊಟ್ಟಿದ್ದ. ಟೀ ಅಂಗಡಿಯಲ್ಲಿ ಕೂತರೆ ಇದೇ ಹೆಚ್ಚುಗಾರಿಕೆ. "ನನ್ನೆಂಡ್ರು ಇವತ್ತಿಗೂ ಕಲ್ಲಲ್ಲೇ ರುಬ್ಬೋದು. ನಾಲ್ಗೆ ಮೇಲೆ ಇಕ್ಕಿದೇಟ್ಗೆ ಗೊತ್ತಾಯ್ತದೆ ಕಣ್ಲಾ."

ನಿನ್ನೆ ಮಧ್ಯಾಹ್ನ ಒಂದೂವರೆ ಕೇಜಿಯ ಗೆಂಡೆ ಮೀನು ಸಿಕ್ಕಿತ್ತು. ಎಷ್ಟೋ ತಿಂಗಳಿಗೆ ಅಂಥದ್ದು. ಬೆಟ್ಟಮ್ಮ ಹೊಸ್ತಿಲಲ್ಲಿ ಕೂತು ಎದೆ ನೀವಿಕೊಳ್ಳುತ್ತಿದ್ದಳು.

"ಯಾಕೋ ಎದೆ ಇಡ್ಕಂಡಂಗಾಯ್ತದೆ ಕಣ. ನಾಳೀಕೆ ಮಾಡವಾ?"

"ನಾಳೆಗಂಟ ಮಡಗಿದ್ರೆ ಒಳೆ ಮೀನು ಕೆಟ್ಟೋಯ್ತದೆ ಕಣಮ್ಮಿ. ಖಾರ ರುಬ್ಬಕೆ ಎಷ್ಟೊತ್ತು?"

ಅವಳು ಅವನ ಮುಖ ನೋಡಿದಳು. ನಕ್ಕಳು. "ಆಯ್ತು. ಕಾಲ್ವೆಗೆ ಓಗಿ ಉಜ್ಕಂಡು ಬಾ ಓಗು. ಬಿರ್‍ನೆ ಬರಬ್ಯಾಡ, ನಿಧಾನಕ್ಕೆ ಉಜ್ಜು."

ಅವನು ಮೀನು ಉಜ್ಜಿ ಬರುವ ಹೊತ್ತಿಗೆ ಬೋಗುಣಿಯಲ್ಲಿ ಖಾರ ಸಿದ್ಧವಿತ್ತು. ತೊಳೆದ ಒರಳುಕಲ್ಲು ಒದ್ದೆಯಾಗಿ ಬೆಳ್ಳುಳ್ಳಿ, ಕೊತ್ತಂಬರಿ ಘಮ್ಮೆನ್ನುತ್ತಿತ್ತು. ನೋಡಿ ಹಿಗ್ಗಿದ್ದ.

ಅವನದೂ ಒಂದು ಕೆಲಸ ಇತ್ತು. ಗೆಂಡೆಯ ಮೈ ತುಂಬ ಕೂದಲಿನಷ್ಟು ಸಣ್ಣ ಮುಳ್ಳು. ಬೆಟ್ಟಮ್ಮನ ಕಣ್ಣು ಮಂಜಾದ ಮೇಲೆ ಅವಳ ತಟ್ಟೆಯನ್ನೂ ತನ್ನ ಕಡೆಗೆ ಎಳೆದುಕೊಂಡು ಅವನೇ ಮುಳ್ಳು ತೆಗೆಯುತ್ತಿದ್ದ. ಒಂದೊಂದನ್ನೂ ಬೆರಳಲ್ಲಿ ತಡಕಿ ಬಿಡಿಸಿ, ಬರಿಯ ಮಾಂಸವನ್ನು ಅವಳ ಕಡೆಗೆ ತಳ್ಳುವನು. "ತಿನ್ನು. ಮುಳ್ಳಿದ್ರೆ ನನ್ ಕೇಳು" ಎನ್ನುವನು.

*

ಸಂಜೆ ನಾಲ್ಕಕ್ಕೆ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದರು. ಮೂರು ಹಿಡಿ ಮಣ್ಣು ಹಾಕಿ ಸರಿದು ನಿಂತಾಗ ಪಕ್ಕದ ಮನೆಯ ಶಿವಣ್ಣ, ಒಳ್ಳೇ ಮಾತಾಡಬೇಕೆಂದೇ ಹೇಳಿದ. "ಅವಮ್ಮನ ಕೈ ಮೀನು ಸಾರು ಇನ್ನೆಲ್ಲಿ ಬಂತು? ನಮ್ ಬೀದೀಲಿ ಕಲ್ಲಲ್ಲಿ ರುಬ್ತಿದ್ದೋಳು ಅವಳೊಬ್ಳೇಯ."

ಕೆಂಪಸಿದ್ದಯ್ಯ ಮನೆಗೆ ಬರುವವರೆಗೂ ತಲೆ ಎತ್ತಲಿಲ್ಲ. ಸ್ನಾನ ಮಾಡಿ, ಅವಳನ್ನು ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಅಲ್ಲೇ ಕುಸಿದು ಕೂತ. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ, ಅದಕ್ಕೆ ಬೆಟ್ಟಮ್ಮನ ತಂಗಿ ಪಟ್ಟಲಮ್ಮ ತನ್ನ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ಹೊತ್ತು ತಂದಳು. ಅವಳೂ ಅದೇ ಬೀದಿಗೆ ಮದುವೆಯಾಗಿ ಬಂದವಳು, ಮೂರು ಮನೆ ಆಚೆ.

"ಒಂದು ತುತ್ತು ಉಣ್ಣಪ್ಪ" ಎಂದು ಚಲುವರಾಜು ತಟ್ಟೆ ಇಟ್ಟ.

"ನಾನು ಯಾವ ಮೊಕ ಇಟ್ಕಂಡು ಉಣ್ಲಿ? ನಿಮ್ಮವ್ವನ್ನ ಕೊಂದೋನು ನಾನೇ ಕಣ್ಲಾ."

ಮಗ ಬೆಚ್ಚಿದ. ಕೆಂಪಸಿದ್ದಯ್ಯ ಒಂದೇ ಉಸುರಿಗೆ ಎಲ್ಲ ಹೇಳಿದ. "ಎದೆ ಇಡ್ಕಂತದೆ ಅಂತ ಬಾಯ್ಬುಟ್ಟು ಏಳುದ್ಲು. ಕೇಳ್ನಿಲ್ಲ ನಾನು. ನನ್ನ ಆಳು ನಾಲ್ಗೆ ಚಪಲಕ್ಕೆ ಆ ಕಲ್ಲು ತಿರುಗುಸ್ದೆ ಅವಳ ಕೈಲಿ. ಅದ್ಕೇ ಎದೆ ಒಡ್ದೋಯ್ತು."

ಪಟ್ಟಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಅವನ ಎದುರಿಗೆ ಕೂತಳು.

"ಬಾವ, ಏಳ್ಬ್ಯಾಡ ಅಂತ ಆಣೆ ಇಡುಸ್ಕಂಡಿದ್ಲು. ಇನ್ಯಾಕೆ ಆಣೆ. ಅಕ್ಕ ಆ ಗುಂಡುಕಲ್ಲು ಮುಟ್ಟಿ ಆರು ವರ್ಸ ಆಯ್ತು."

"ಏನಂದೆ?"

"ರಟ್ಟೆ ನೋವು ಸುರುವಾಯ್ತಲ್ಲ, ಆವಾಗಿಂದ. ನಿನ್ನ ಕಾಲ್ವೆಗೆ ಕಳ್ಸೋಳು, ಇತ್ಲಾಗೆ ನಮ್ಮನೆಗೆ ಬರೋಳು. ಮಿಕ್ಸೀಲಿ ಗುರ್ ಅನ್ನುಸ್ಕಂಡು, ಒಂದು ಚೂರು ಖಾರ ತಕ್ಕಂಡೋಗಿ ಕಲ್ಗೆ ಬಳ್ದು ತೊಳ್ದುಬುಡೋಳು. ಬಾವಂಗೆ ಗೊತ್ತಾದ್ರೆ ಅಂದ್ರೆ, 'ಅವನ ನಾಲ್ಗೆಗೆ ಏನ್ ಗೊತ್ತು, ಕಣ್ಗೆ ಕಲ್ಲು ಒದ್ದೆ ಕಂಡ್ರೆ ಸಾಕು' ಅಂತ ಬಿದ್ದು ಬಿದ್ದು ನಗೋಳು."

"ನೆನ್ನೆನೂವಾ?"

"ನೆನ್ನೆನೂವೆ."

ಕೆಂಪಸಿದ್ದಯ್ಯನ ಬಾಯಿ ಅರ್ಧ ನಗುವಿಗೆ ತೆರೆಯಿತು. ನಿಧಾನಕ್ಕೆ ಉಜ್ಜು ಅಂದಿದ್ದಳಲ್ಲ, ಕಳ್ಳಿ. ಆರು ವರ್ಷ ಊರೆಲ್ಲ ಹೊಗಳಿಕೊಂಡು ತಿರುಗಿದ್ದು ಮಿಕ್ಸಿ ಸಾರನ್ನೇ.

"ನಂಗೊಂದು ಮಾತು ಏಳಬೌದಾಗಿತ್ತಲ್ಲವ್ವ."

"ಏಳು ಅಂತ ನಾನೂ ಅಂದೆ. 'ಟೀ ಅಂಗ್ಡೀಲಿ ಅಷ್ಟು ಸಂತೋಸವಾಗಿ ಏಳ್ಕಂತಾನೆ, ನಾನ್ಯಾಕೆ ಕಿತ್ಕಳ್ಳಿ' ಅನ್ನೋಳು."

ಬೆಳಗಿನಿಂದ ಬಾರದ ಅಳು ಆಗ ಬಂತು. ಕಲ್ಲಿನ ಭಾರ ಇಳಿದದ್ದೇನೋ ನಿಜ. ಆದರೆ ಕೈ ಎತ್ತಲಾರದವಳು ಖಾರದ ಬೋಗುಣಿಯನ್ನು ಸೆರಗಲ್ಲಿ ಮುಚ್ಚಿಕೊಂಡು, ತನ್ನ ಗಂಡನ ಜಂಬಕ್ಕಾಗಿ ಕದ್ದು ಓಡಾಡಿದಳಲ್ಲ ಎಂಬುದು ಅದಕ್ಕಿಂತ ಭಾರವಾಯಿತು. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಪಟ್ಟಲಮ್ಮ ಎದ್ದು ಹೋದಳು. ಬಂದಾಗ ಅವಳ ಕೈಯಲ್ಲಿ ಮುಚ್ಚಿದ ಬಟ್ಟಲಿತ್ತು.

"ಮಿಕ್ಸಿ ಬಾಡಿಗೆ ಅಂತ ಪ್ರತಿ ಸಲ ಒಂದು ಬಟ್ಲು ಸಾರು ಕೊಡೋಳು. ನೆನ್ನೆ ರಾತ್ರಿ ಕೊಟ್ಟಿದ್ದು. ನಮ್ಮನೇಲೇನು ಎಣ ಇರ್ನಿಲ್ವಲ್ಲ, ಚೆಲ್ನಿಲ್ಲ. ಬಿಸಿ ಮಾಡಿ ತಂದಿವ್ನಿ."

"ಸೂತಕದಲ್ಲಿ ಮೀನಾ? ತಿಥಿ ಆಗೋಗಂಟ..." ಎಂದು ದೊಡ್ಡಸಿದ್ದಯ್ಯ ಶುರುಮಾಡಿದ. ತಮ್ಮನ ಮುಖ ನೋಡಿದ. ಟವೆಲು ಹೆಗಲಿಗೆ ಹಾಕಿಕೊಂಡು ಆಚೆ ಹೋದ.

ಕೆಂಪಸಿದ್ದಯ್ಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಅದೇ ರುಚಿ. ಹುಳಿ, ಖಾರ, ಉಪ್ಪು, ಒಂದೂ ಆಚೀಚೆ ಆಗಿರಲಿಲ್ಲ. ಆಮೇಲೆ ಮೀನಿನ ತುಂಡನ್ನು ತಟ್ಟೆಗೆ ಹಾಕಿಕೊಂಡು ಬಿಡಿಸತೊಡಗಿದ. ಬಿಡಿಸಿದ ಮಾಂಸ ಬಾಯಿಗೆ ಹೋಗಲಿಲ್ಲ. ತಟ್ಟೆಯ ಆ ಅಂಚಿನಲ್ಲಿ, ದೀಪದ ಕಡೆಗೆ, ಸಣ್ಣ ಗುಡ್ಡೆಯಾಗುತ್ತಿತ್ತು.

"ಉಣ್ಣಿ ಮಾವ, ಆರೋಯ್ತದೆ" ಎಂದಳು ಅರ್ಪಿತ.

"ತಡಿಯವ್ವ" ಎಂದ ಅವನು, ತಲೆ ಎತ್ತದೆ. "ಇನ್ನೊಂದು ಮುಳ್ಳದೆ."

ಕೂದಲಿನಷ್ಟು ಸಣ್ಣ ಮುಳ್ಳನ್ನು ದೀಪದ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಇಟ್ಟ. ತಟ್ಟೆಯನ್ನು ದೀಪದ ಕಡೆಗೆ ತಳ್ಳಿದ.