ಅರಳಿದ ಅಣಬೆ

ಚಾನ್ಶಿ ಅಣಬೆಯನ್ನು ಮಗುಚಿದಳು. ಅಡಿಯ ಪದರಗಳ ನಡುವೆ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ಉಪ್ಪುನೀರು ಸುರಿದಾಗ ಮೈ ಸುರುಟಿಕೊಂಡು ಮೇಲೆ ತೇಲಿದವು. ಬಹಳ ದಿನ ಒಗೆಯದ ಹಾಸಿಗೆಯಂಥ ವಾಸನೆ ಎದ್ದಿತು. ಅಣಬೆ ಬೋಗುಣಿಗಿಂತ ಅಗಲವಾಗಿತ್ತು. ಅದರ ಅಂಚು ಹೊರಗೆ ಜೋತು ನೆಲ ಮುಟ್ಟುತ್ತಿತ್ತು.

"ಹೇಗಿದೆ ಅತ್ತಿಗೆ?" ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮೈದುನ ಕಪೆಂಬ್ವ ಕೇಳಿದ. "ಅಣ್ಣನ ಹೊಲದ ಹುತ್ತದ್ದು. ಮೊಗ್ಗಾಗಿದ್ದಾಗಿಂದ ಕಾವಲು ಕಾದಿದೀನಿ."

"ಮೊಗ್ಗಲ್ಲೇ ಕಿತ್ತಿದ್ರೆ ತಿನ್ನೋ ಹಾಗಿರ್ತಿತ್ತು."

"ಸಣ್ಣದು ತಂದ್ರೆ ಯಾರು ತಿರುಗಿ ನೋಡ್ತಾರೆ? ತಲೆ ಮೇಲಿಟ್ಕೊಂಡು ಊರೆಲ್ಲ ಸುತ್ತಿ ಬಂದೆ."

ಅವನು ತೊಟ್ಟಿದ್ದದ್ದು ಅವಳ ಗಂಡ ಸಂಪಾನ ಕೋಟು. ಸಂಪಾನನ್ನು ಮಣ್ಣು ಮಾಡಿ ಒಂದು ಮಳೆಗಾಲ ಕಳೆದಿತ್ತು. ಅವಳೇ ಹೊಲಿಗೆ ಹಾಕಿಕೊಟ್ಟಿದ್ದ ಆ ತೋಳಿಗೆ ಕಪೆಂಬ್ವ ಮೂಗು ಒರೆಸಿಕೊಂಡ.

ಒರಳಲ್ಲಿ ಶೇಂಗಾ ಕುಟ್ಟುತ್ತಿದ್ದ ಅತ್ತೆ ನಕ್ಕಳು. "ಇನ್ನೂ ಏನೋ ಅತ್ತಿಗೆ, ಅತ್ತಿಗೆ ಅಂತ? ಹೆಸರು ಹಿಡಿದು ಕರಿ. ಅಭ್ಯಾಸ ಆಗ್ಲಿ."

ಸತ್ತವನ ಹೆಸರು, ಹೊಲ, ಹೆಂಡತಿ ಎಲ್ಲವನ್ನೂ ತಮ್ಮನೇ ವಹಿಸಿಕೊಳ್ಳಲಿ ಎಂದು ಹಿರಿಯರು ಹೇಳಿಯಾಗಿತ್ತು. ಅವನು ತಂದದ್ದನ್ನು ಬೇಯಿಸಿ, ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡರೆ ಅವಳು ಒಪ್ಪಿದಂತೆ. ಆಮೇಲೆ ಕೂಡಿಕೆಯ ಗುರುತಾಗಿ ಸೊಂಟಕ್ಕೆ ಮಣಿ ಕಟ್ಟುವುದಷ್ಟೇ ಬಾಕಿ.

ಚಾನ್ಶಿ ಅಣಬೆಯನ್ನು ಹರಿದು ಮಡಕೆಗೆ ಹಾಕಿದಳು. ಲೋಳೆ ಬೆರಳಿಗಂಟಿ ಎಳೆಯಾಗಿ ಬಂತು. ಶೇಂಗಾ ಪುಡಿ ಬಿದ್ದು ಕುದಿ ಬಂದಾಗ ಎಣ್ಣೆಯ ಜೊತೆ ಇನ್ನೂ ಎರಡು ಹುಳು ಮೇಲೆ ಬಂದವು.

"ಬೆಂದ್ಮೇಲೆ ಅದೂ ಮಾಂಸಾನೇ," ಎಂದಳು ಅತ್ತೆ, ಸೌಟಿನಿಂದ ಅವನ್ನು ಒಳಗೆ ಅದುಮುತ್ತ.

ಜೋಳದ ಮುದ್ದೆಯ ತಟ್ಟೆ ಮೂವರ ನಡುವೆ ಬಂತು. ಅತ್ತೆ ಕೈ ಹಾಕಲಿಲ್ಲ. ಕಪೆಂಬ್ವ ಅದರಲ್ಲಿದ್ದ ಅಣಬೆಯ ದೊಡ್ಡದೊಂದು ತುಂಡನ್ನು ಬೆರಳಲ್ಲೇ ಎತ್ತಿದ. ಉಗುರಿನಲ್ಲಿ ಹುತ್ತದ ಮಣ್ಣು ಇನ್ನೂ ಇತ್ತು. ರಸ ಮುಂಗೈಗಿಳಿದು ಕೋಟಿನ ತೋಳೊಳಗೆ ಹರಿಯಿತು. ಅವನು ತುಂಡನ್ನು ಅವಳ ತುಟಿಯವರೆಗೂ ತಂದ.

"ಬಾಯಿ ತೆಗಿ, ಚಾನ್ಶಿ."

ಅವಳು ಮುಖ ಹಿಂದಕ್ಕೆಳೆದುಕೊಂಡಳು.

"ತಿನ್ನಲ್ಲ."

"ಹುಳ ನೋಡಿ ಹೇಸ್ಕೊಂಡ್ಳು," ಅತ್ತೆ ಮಗನಿಗೆ ಸಮಾಧಾನ ಹೇಳಿದಳು. ಮುದ್ದೆಯ ಬಿಳಿ ಅಂಚೊಂದನ್ನು ಮುರಿದು ಸೊಸೆಯತ್ತ ತಳ್ಳಿದಳು. "ಅಣಬೆ ಬೇಡ ಬಿಡು. ಬರೀ ಮುದ್ದೆ ತಿನ್ನು. ಒಂದೇ ತುತ್ತು ಸಾಕು."

ಮುದ್ದೆ ಶುಭ್ರವಾಗಿತ್ತು. ಹಬೆಯಾಡುತ್ತಿತ್ತು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.

"ಈ ತಟ್ಟೇಲಿ ತಿನ್ನಲ್ಲ," ಎಂದಳು ಚಾನ್ಶಿ.