ನೆಲ ತಿಳಿಯದ ಕಾಲು

ತೆಮೆಲಿನಾ ಕುದಿಯುವ ಕೆಂಪು ಬಣ್ಣದ ನೀರಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ಸೌಟಿನಲ್ಲಿ ಎತ್ತಿ, ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ ತಟ್ಟೆಗೆ ಇಡುತ್ತಿದ್ದಳು. ಈಸ್ಟರಿಗೆ ಮುಂಚಿನ ಗುರುವಾರ ಗ್ರೀಸಿನ ಕಾಲಿಮ್ನೊಸ್ ದ್ವೀಪದ ಎಲ್ಲ ಒಲೆಗಳ ಮೇಲೂ ಹಬ್ಬದ ಕೆಂಪು ಮೊಟ್ಟೆಯದೇ ಅಡುಗೆ. ಗಂಡ ಸಕೆಲ್ಲಾರಿಸ್ ಒಲೆಯ ಪಕ್ಕದಲ್ಲಿ ಬರಿಗಾಲಲ್ಲಿ ಕೂತು, ಹಬ್ಬದ ಬೂಟು ಉಜ್ಜುತ್ತ, ಕಪ್ತಾನ ದ್ರೋಸೊಸನ ದೋಣಿಯ ಸುದ್ದಿ ಹೇಳುತ್ತಿದ್ದ.

ಪಾತ್ರೆಯ ಹಿಡಿ ಜಾರಿತು. ಕುದಿನೀರು ಅಂಚು ದಾಟಿ ಅವನ ಎಡಪಾದದ ಮೇಲೆ ಧಾರೆಯಾಗಿ ಸುರಿಯಿತು.

ಅವಳು ಸೌಟು ಕೈಬಿಟ್ಟಳು. ಅವನೋ ಉಜ್ಜುತ್ತಲೇ ಇದ್ದ. "ಮುಂದೆಲ್ಲ ನೀಲಿ ಬಳಿಸಿದಾನೆ ಕಣೇ, ಮದುವಣಗಿತ್ತಿ ಥರ ನಿಂತಿದೆ ದೋಣಿ," ಅಂದ. ಪಾದದಿಂದ ಹಬೆ ಏಳುತ್ತಿತ್ತು.

ಅವಳ ಮುಖ ಕಂಡ ಮೇಲೆಯೇ ಅವನು ಕೆಳಗೆ ನೋಡಿದ್ದು. ನೋಡಿ, ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡ.

"ಯಾವಾಗಿನಿಂದ?" ಅಂದಳು.

"ಕೂಗಬೇಡ. ಪಕ್ಕದ ಮನೆಗೆ ಕೇಳಿಸುತ್ತೆ."

"ನಾನೆಲ್ಲಿ ಕೂಗಿದೆ?"

"ಹೋದ ವರ್ಷ ಒಂದು ಸಲ ಮುಳುಗಿ ಬೇಗ ಮೇಲೆ ಬಂದೆ, ಆವಾಗಿನಿಂದ. ಮೊದಲು ಬೆರಳು. ಈಗ ಮೊಣಕಾಲಿನ ತನಕ. ನೋವೇನೂ ಇಲ್ಲ ಬಿಡು."

"ನೋವಿಲ್ಲವಲ್ಲ, ಅದಕ್ಕೇ ನನಗೆ ಹೆದರಿಕೆ."

ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ದ್ವೀಪದ ಗಂಡಸರು ತಾಮ್ರದ ಶಿರಸ್ತ್ರಾಣ ತೊಟ್ಟು, ಆಫ್ರಿಕಾದ ಕರಾವಳಿಯ ಆಳದಲ್ಲಿ ಸ್ಪಂಜು ಕೊಯ್ಯುವವರು. ಅಷ್ಟು ಆಳದಿಂದ ಬೇಗ ಮೇಲೆ ಬಂದವನ ಮೈಯನ್ನು ಸಮುದ್ರ ಹಿಡಿದುಕೊಳ್ಳುತ್ತದೆ, ಕೈಕಾಲಿನ ಸ್ವಾಧೀನ ತಪ್ಪುತ್ತದೆ. ಬಂದರಿನ ಕಟ್ಟೆಯ ಮೇಲೆ ಎರಡು ಕೋಲು ಊರಿಕೊಂಡು ಕೂತವರಲ್ಲಿ ಹಲವರಿಗೆ ತಲೆ ಇನ್ನೂ ನರೆತಿಲ್ಲ. ಕೆಲವರನ್ನು ಆ ಕರಾವಳಿಯ ಮರಳಲ್ಲೇ ಹೂತು ಬಂದದ್ದೂ ಉಂಟು. ಈಸ್ಟರ್ ಕಳೆದ ಮುಂದಿನ ವಾರ ದೋಣಿಗಳು ಹೊರಡಬೇಕು. ಇನ್ನೊಮ್ಮೆ ಮುಳುಗಿದರೆ ಇವನು ನಡೆಯುತ್ತ ಮನೆಗೆ ಬರುವುದಿಲ್ಲ. ಬರುತ್ತಾನೋ ಇಲ್ಲವೋ, ಅದೂ ಗೊತ್ತಿಲ್ಲ.

ಆಸ್ಟ್ರೇಲಿಯಾದಲ್ಲಿ ಗೋಡೆಗೆ ಬಣ್ಣ ಬಳಿಯುವ ಅವನ ಅಣ್ಣ ನೊಮಿಕೊಸ್ ಚಳಿಗಾಲದಲ್ಲೇ ಬರೆದಿದ್ದ: ಹೂಂ ಅಂತ ಒಂದು ಕಾಗದ ಹಾಕು, ನಿಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತೇನೆ. ಸಕೆಲ್ಲಾರಿಸ್ ಹೂಂ ಅಂತ ಬರೆದ, ಲಕೋಟೆಗೆ ಅಂಟು ಹಚ್ಚಿದ, ಅಂಚೆಚೀಟಿಯನ್ನೂ ಅಂಟಿಸಿದ. ಆಮೇಲೆ ಅದನ್ನು ಭಾನುವಾರದ ಕೋಟಿನ ಒಳಜೇಬಿಗೆ ಸೇರಿಸಿ, ನಾಳೆ ಹಾಕುತ್ತೇನೆ ಅನ್ನುತ್ತ ಈಸ್ಟರಿಗೆ ಮುಂಚಿನ ಇಡೀ ಉಪವಾಸದ ಕಾಲವನ್ನು ಕಳೆದಿದ್ದ.

"ಆ ಕಾಗದ ಹಾಕು," ಅಂದಳು ತೆಮೆಲಿನಾ.

"ಇದೊಂದು ಸಲ ಹೋಗಿಬರ್ತೀನಿ. ಕಪ್ತಾನನಿಗೆ ಮಾತು ಕೊಟ್ಟಿದೀನಿ. ಈಗ ಹಿಂದೆ ಸರಿದರೆ ಊರು ನಗೋದಿಲ್ವಾ?"

ಶುಕ್ರವಾರ ಕ್ರಿಸ್ತನ ಸಾವಿನ ನೆನಪಿಗೆ ಚರ್ಚಿನಿಂದ ಹೂವಿನ ಚಟ್ಟ ಹೊರಟಾಗ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಬೊಬ್ಬೆಯೆದ್ದ ಪಾದಕ್ಕೆ ಬಟ್ಟೆ ಸುತ್ತಿ ಬೂಟು ತೊಟ್ಟಿದ್ದ. ಜನ ಬಗ್ಗಿ ಚಟ್ಟದ ಅಡಿಯಲ್ಲಿ ನುಸುಳಿ ಆಶೀರ್ವಾದ ಪಡೆಯುತ್ತಿದ್ದರು. ತೆಮೆಲಿನಾಳಿಗೆ ಹೂವೂ ಕಾಣಲಿಲ್ಲ, ಮೇಣದಬತ್ತಿಯೂ ಕಾಣಲಿಲ್ಲ. ಮೆಟ್ಟಿಲು ಇಳಿಯುವ ಆ ಎಡಗಾಲಿನ ಬೂಟೊಂದೇ ಕಾಣುತ್ತಿತ್ತು. ಅದು ಎಡವಲಿಲ್ಲ.

ಭಾನುವಾರ ಕಪ್ತಾನನ ಅಂಗಳದಲ್ಲಿ ಊಟ. ಅನ್ನ ತುಂಬಿದ ಇಡೀ ಕುರಿಮರಿ ಮಣ್ಣಿನ ಪಾತ್ರೆಯಲ್ಲಿ ಬೆಂದು ಬಂದಿತ್ತು. ಗುಡ್ಡದ ಮೇಲೆ ಹುಡುಗರು ಪ್ರತಿ ಈಸ್ಟರಿನಂತೆ ಡೈನಮೈಟು ಸಿಡಿಸುತ್ತಿದ್ದರು. ಒಂದೊಂದು ಸದ್ದಿಗೂ ಮೇಜಿನ ಲೋಟಗಳು ಕುಣಿಯುತ್ತಿದ್ದವು.

ಕುಣಿತ ಶುರುವಾಯಿತು. ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಸಾಲುಗಟ್ಟಿದರು. ಎಲ್ಲರ ಕಣ್ಣೂ ಸಮುದ್ರದ ಕಡೆಗೋ ಹೆಂಗಸರ ಕಡೆಗೋ ಇದ್ದರೆ, ಸಕೆಲ್ಲಾರಿಸನ ಕಣ್ಣು ಮಾತ್ರ ತನ್ನ ಬೂಟಿನ ಮೇಲಿತ್ತು. ಕಣ್ಣು ಹೇಳದೆ ಆ ಕಾಲು ಎಲ್ಲಿದೆಯೆಂದು ಅವನಿಗೆ ಗೊತ್ತಾಗುತ್ತಿಲ್ಲ ಎಂಬುದು ಅವಳಿಗೆ ಆಗ ಅರ್ಥವಾಯಿತು. ಬಿದ್ದು ನಗೆಪಾಟಲಾದರೆ ಎಂದು ಮೊದಲು ಹೆದರಿದಳು. ಆಮೇಲೆ, ಬೀಳದೇ ಹೋದರೆ ದೋಣಿ ಹತ್ತಿಯೇಬಿಡುತ್ತಾನೆ ಎಂಬ ಹೆದರಿಕೆ ಹಿಡಿಯಿತು.

"ಏನಯ್ಯಾ ಸಕೆಲ್ಲಾರಿ, ನೆಲದಲ್ಲಿ ಕಾಸು ಬಿದ್ದಿದೆಯಾ?" ಅಂದ ಕಪ್ತಾನ.

"ನಿಮ್ಮ ಅಂಗಳದಲ್ಲಿ ಕಾಸು ಬೀಳೋಕೆ ನೀವು ಬಿಟ್ಟರೆ ತಾನೇ ಕಪ್ತಾನರೇ?"

ಎಲ್ಲರೂ ನಕ್ಕರು. ಅವನು ಬೀಳಲಿಲ್ಲ.

ಕಪ್ತಾನ ಒಲೆಗೂಡಿನ ಬಳಿ ಒಬ್ಬನೇ ಸಿಕ್ಕಾಗ ತೆಮೆಲಿನಾ ಧೈರ್ಯ ಮಾಡಿದಳು. ಗಂಡನ ಮಾನ ಹೋದರೂ ಸರಿ, ಕಪ್ತಾನನಿಗೆ ತಿಳಿದರೆ ಅವನನ್ನು ಕರೆದೊಯ್ಯುವುದಿಲ್ಲ ಎಂಬುದೊಂದೇ ಅವಳ ನಂಬಿಕೆ.

"ಕಪ್ತಾನರೇ, ಅವನ ಎಡಗಾಲು..."

"ಗೊತ್ತಮ್ಮಾ." ಅವನು ರೊಟ್ಟಿ ಮುರಿಯುತ್ತಲೇ ಹೇಳಿದ. "ಕುಣಿಯೋನನ್ನ ನೋಡಿದರೆ ತಿಳಿಯಲ್ವಾ? ನಾನೂ ಮುಳುಗಿದವನೇ. ನೆಲದಲ್ಲಿ ಎಳೆಯೋ ಕಾಲು ನೀರಲ್ಲಿ ಹಗುರಾಗುತ್ತೆ. ಸ್ಪಂಜು ಹುಡುಕೋದರಲ್ಲಿ ಅವನಂಥ ಕಣ್ಣು ಇನ್ನೊಬ್ಬನಿಗಿಲ್ಲ. ಹೋಗು, ಎಲ್ಲರ ಜೊತೆ ಕೆಂಪು ಮೊಟ್ಟೆ ಒಡಿ, ಹಬ್ಬದ ದಿನ."

ಗೊತ್ತಿದ್ದೂ ಕರೆದೊಯ್ಯುತ್ತಾನೆ. ಇನ್ನು ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಸೋಮವಾರ ಬೆಳಗ್ಗೆ ಕಂಬಳಿ, ಒಳಂಗಿ ಕಟ್ಟಿಕೊಡು ಎಂದು ಸಕೆಲ್ಲಾರಿಸ್ ಕೇಳಿದ. ತೆಮೆಲಿನಾ ಕುರ್ಚಿಗಳನ್ನು ಗೋಡೆಗೆ ಸರಿಸಿ, ಕಿಟಕಿಯ ಹತ್ತಿರ ಹೋಗಿ ನಿಂತಳು.

"ಬಾಗಿಲಿಂದ ಇಲ್ಲಿತನಕ ಕಣ್ಣು ಮುಚ್ಚಿಕೊಂಡು ಬಾ. ಬಂದರೆ ಕಟ್ಟಿಕೊಡ್ತೀನಿ."

"ಇದೇನೇ ಮಕ್ಕಳಾಟ?"

"ಸಮುದ್ರದ ತಳದಲ್ಲಿ ಕೆಸರೆದ್ದರೆ ನಿನಗೆ ಏನು ಕಾಣಿಸುತ್ತೆ?"

ಅವನ ನಗು ಅಲ್ಲಿಗೇ ನಿಂತಿತು. ಕಣ್ಣು ಮುಚ್ಚಿ ಬಲಗಾಲು ಎತ್ತಿಟ್ಟ. ಇನ್ನೊಂದು ಹೆಜ್ಜೆ ಇಡಲು ಹೋಗಿ ಗಾಳಿಯಲ್ಲಿ ಕೈ ತಡಕಾಡಿ, ಮುಗ್ಗರಿಸಿ ಬಿದ್ದ. ಓಡಿಹೋಗಿ ಹಿಡಿಯಬಹುದಿತ್ತು. ಹಿಡಿಯದೆ ನಿಲ್ಲಲು ಅವಳು ಕಿಟಕಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಬಿಗಿಹಿಡಿಯಬೇಕಾಯಿತು.

"ಕಾಲು ಎಲ್ಲಿತ್ತು?" ಬಿದ್ದಲ್ಲಿಂದಲೇ ಕೇಳಿದ.

"ಹಿಂದೇ ಇತ್ತು. ನೀನು ಎತ್ತಲೇ ಇಲ್ಲ."

"ಎತ್ತಿದೆ ಅಂದ್ಕೊಂಡೆ." ಆ ಕಾಲನ್ನು ಕೈಯಿಂದಲೇ ಮುಂದಕ್ಕೆ ಎಳೆದುಕೊಂಡ. "ಹೋದ ವರ್ಷ ಕೊನೇ ಸಲ ಮುಳುಗಿದಾಗ ತಳದಲ್ಲಿ ಹಗ್ಗ ಸುತ್ತಿಕೊಂಡಿತ್ತು, ತೆಮೆಲಿನಾ. ಯಾವ ಕಾಲಿಗೆ ಅಂತ ಗೊತ್ತಾಗಲಿಲ್ಲ. ಕತ್ತಲು. ಎಲ್ಲಿ ಕೊಯ್ಯಬೇಕೋ ತಿಳೀದೆ ಚಾಕು ಹಿಡಿದು ನಿಂತಿದ್ದೆ. ಚಳಿಗಾಲವಿಡೀ ಅದೇ ಕನಸು."

ಅವಳು ಪಕ್ಕದಲ್ಲಿ ಕೂತು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ಕಪ್ತಾನನಿಗೆ ಏನಂತ ಹೇಳಲಿ?"

"ಬರಲ್ಲ ಅಂತ. ಅಷ್ಟು ಸಾಕು."

"ನನ್ನ ಕೋಟು ಕೊಡು."

ಬಂದರಿನ ಬೀದಿಯಲ್ಲಿ ಅವನು ಮೊದಲ ಸಲ ಅವಳ ಹೆಗಲ ಮೇಲೆ ಭಾರ ಬಿಟ್ಟು ನಡೆದ. ಜನ ನೋಡಿದರು. ಕಟ್ಟೆಯ ಮೇಲೆ ಕೂತಿದ್ದ ಕೋಲಿನವರಲ್ಲಿ ಒಬ್ಬ ಪಕ್ಕಕ್ಕೆ ಸರಿದು ಜಾಗ ಮಾಡಿದ. ಸಕೆಲ್ಲಾರಿಸ್ ಅತ್ತ ನೋಡಿ, ಅವಳ ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಮುಂದೆ ನಡೆದ.

ದೋಣಿ ಹೊರಡುವಷ್ಟರಲ್ಲಿ ಕಪ್ತಾನ ಮನೆಬಾಗಿಲಿಗೆ ಎಷ್ಟು ಸಲ ಬರುತ್ತಾನೋ. ಆಸ್ಟ್ರೇಲಿಯಾದವರೂ ಒಳಗೆ ಬಿಡುವ ಮೊದಲು ವೈದ್ಯರಿಂದ ಮೈ ಪರೀಕ್ಷೆ ಮಾಡಿಸುತ್ತಾರಂತೆ, ಈ ಕಾಲು ಕಂಡರೆ ಬೇಡ ಅಂದಾರು. ಇದನ್ನೆಲ್ಲ ನೆನೆಯುತ್ತಲೇ ಅವಳು ನಡೆದಳು. ಅಂಚೆಪೆಟ್ಟಿಗೆಯ ಬಾಯಿಗೆ ಅವನು ಕಾಗದ ಇಟ್ಟ. ಬೆರಳು ಬಿಡಲಿಲ್ಲ.

"ಬಿಡು," ಅಂದಳು.

ಬಿಟ್ಟ.